ಡಿಫರೆನ್ಷಿಯಲ್ ಕವರ್ ಗಟ್ಟಿ ಮಾಡಿದೆ, ಆಯಿಲ್ ಮಾತ್ರ ನಿಲ್ಲಲಿಲ್ಲ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯ ರೂಪ)

 

ಹೋದ ವರ್ಷ ಜುಲೈ. ನಮ್ಮ ಮನೆ ಸಕಲೇಶಪುರದಿಂದ ಒಳಗೆ, ಟಾರ್ ರಸ್ತೆ ಮುಗಿದ ಮೇಲೆ ಇನ್ನೂ ಎರಡು ಕಿಲೋಮೀಟರ್. ಮಧ್ಯೆ ಒಂದು ಹಳ್ಳ. ಸೇತುವೆ ಇಲ್ಲ, ಜೀಪು ನೀರಲ್ಲೇ ದಾಟಬೇಕು. ಬೆಳಿಗ್ಗೆ ಹಾಲು ಕೊಟ್ಟು ವಾಪಸ್ ಬರ್ತಿದ್ದೆ. ಹಳ್ಳದ ಕೆಳಗಡೆ ಕೆಳಮನೆ ಅಕ್ಕ ಬಿಂದಿಗೆ ಹಿಡ್ಕೊಂಡು ನಿಂತಿದ್ರು. ಅವರ ಮನೆಗೆ ನೀರು ಬರೋದು ಅದೇ ಹಳ್ಳದಿಂದ, ಪೈಪಲ್ಲಿ. ನನ್ನ ನೋಡಿ ಬೈಲಿಲ್ಲ. "ಒಂಚೂರು ಇಳಿದು ಬಾ ಮಾರಾಯ, ಇದೇನು ನೋಡು" ಅಂದ್ರು ಅಷ್ಟೇ.

ಬಿಂದಿಗೆ ನೀರಿನ ಮೇಲೆ ಕಾಮನಬಿಲ್ಲು. ಮೂಗು ಹತ್ತಿರ ತಗೊಂಡು ಹೋದೆ. ಆ ವಾಸನೆ ಒಂದು ಸಲ ಗೊತ್ತಾದ್ರೆ ಮರೆಯಲ್ಲ. ಗಂಧಕ, ಕೊಳೆತ ಈರುಳ್ಳಿ, ಎರಡೂ ಸೇರಿದ ಹಾಗೆ. ನೈಂಟಿ ಆಯಿಲ್. ಗೇರ್ ಆಯಿಲ್. ನನ್ನ ಜೀಪಿಂದು.

ಇವತ್ತಿನ ವಿಷಯ ಅದೇ. ಡಿಫರೆನ್ಷಿಯಲ್ ಕವರ್. ಆಫ್‌ರೋಡ್ ಗಾಡಿಗೆ ಗಟ್ಟಿ ಕವರ್ ಹಾಕೋದು ಹೇಗೆ, ಯಾವುದು ಆರಿಸಬೇಕು, ಹಾಕಿದ ಮೇಲೆ ಸೋರದ ಹಾಗೆ ಸೀಲ್ ಮಾಡೋದು ಹೇಗೆ. ನಾನು ಮೂರು ಸಲ ತಪ್ಪು ಮಾಡಿ ಕಲಿತಿದ್ದು. ನಾಲ್ಕನೇ ತಪ್ಪು ಬೇರೆಯೇ ಕಡೆ ಇತ್ತು. ಅದನ್ನ ಕೊನೆಯಲ್ಲಿ ಹೇಳ್ತೀನಿ, ಯಾಕಂದ್ರೆ ನನಗೂ ಅದು ಕೊನೆಯಲ್ಲೇ ಗೊತ್ತಾಗಿದ್ದು.

ಮೊದಲು ಗೊತ್ತಿಲ್ಲದೋರಿಗೆ ಎರಡು ಮಾತು. ಜೀಪಿನ ಹಿಂದೆ ಬಗ್ಗಿ ನೋಡಿ. ಎರಡು ಚಕ್ರಗಳ ನಡುವೆ ಒಂದು ದಪ್ಪ ಕಬ್ಬಿಣದ ಕೊಳವೆ, ಅದರ ನಡುವಲ್ಲಿ ಕುಂಬಳಕಾಯಿ ಥರ ಉಬ್ಬು. ಅದರೊಳಗೆ ಕ್ರೌನ್ ಮತ್ತು ಪಿನಿಯನ್. ಎಂಜಿನ್ನಿಂದ ಉದ್ದಕ್ಕೆ ಬರೋ ತಿರುಗುವಿಕೆಯನ್ನ ಅಡ್ಡಕ್ಕೆ ತಿರುಗಿಸಿ ಚಕ್ರಕ್ಕೆ ಕೊಡೋದು ಅದು. ತಿರುವಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕಲ್ವಾ, ಆ ವ್ಯತ್ಯಾಸಕ್ಕೆ ಅವಕಾಶ ಕೊಡೋದೂ ಅದೇ. ಹಲ್ಲುಗಳು ಒಂದರ ಮೇಲೊಂದು ಉಜ್ಜಿ ಜಾರ್ತಾ ಓಡುತ್ತವೆ, ಹಾಗಾಗಿ ಸಾಧಾರಣ ಎಣ್ಣೆ ಸಾಲಲ್ಲ. ಡಬ್ಬಿ ಮೇಲೆ ಜಿಎಲ್-5 ಅಂತ ಬರೆದಿರೋ ಗೇರ್ ಆಯಿಲ್ ಬೇಕು. ನಮ್ಮ ಜೀಪಿನ ಹಿಂದಿನ ಡಿಫರೆನ್ಷಿಯಲ್ಲಿಗೆ ಹಿಡಿಯೋದು ಒಂದು ಲೀಟರಿಗೆ ಸ್ವಲ್ಪ ಮೇಲೆ. ಅಷ್ಟೇ. ಅರ್ಧ ಲೀಟರ್ ಸೋರಿದ್ರೆ ಅರ್ಧ ಜೀವ ಹೋದ ಹಾಗೆ.

ನಮ್ದು ಅಜ್ಜನ ಕಾಲದ ಹೈ ಬಾನೆಟ್ ಜೀಪು, ಸಿಜೆ-3ಬಿ. ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ವಿಲ್ಲಿಸ್ ಜೀಪು ಜೋಡಿಸೋಕೆ ಶುರು ಮಾಡಿದ್ರಲ್ಲ, ಅದೇ ವಂಶ. ಹಿಂದಿನ ಆಕ್ಸಲ್ ಡಾನಾ 44 ಅನ್ನೋ ಮಾದರಿ. ಕುಂಬಳಕಾಯಿಯ ಹಿಂಭಾಗಕ್ಕೆ ಒಂದು ತಗಡಿನ ಮುಚ್ಚಳ, ಸುತ್ತ ಹತ್ತು ಬೋಲ್ಟ್. ಆ ಮುಚ್ಚಳಾನೇ ಡಿಫರೆನ್ಷಿಯಲ್ ಕವರ್.

ಇಲ್ಲೊಂದು ಮಾತು. ಎಲ್ಲಾ ಗಾಡಿಗೂ ಹೀಗೆ ಬಿಚ್ಚೋ ಕವರ್ ಇರಲ್ಲ. ಮಾರುತಿ ಜಿಪ್ಸಿ ತಗೊಳ್ಳಿ. ಅದರಲ್ಲಿ ಹಿಂಭಾಗದ ಉಬ್ಬು ಹೌಸಿಂಗಿಗೇ ಬೆಸುಗೆಯಾಗಿರುತ್ತೆ, ಕ್ರೌನ್-ಪಿನಿಯನ್ ಸೆಟ್ ಮುಂದಿನಿಂದ ಹೊರಗೆ ಬರುತ್ತೆ. ಹಳೆ ಲ್ಯಾಂಡ್ ಕ್ರೂಸರಲ್ಲೂ ಹಾಗೇ. ಅಂಥ ಗಾಡಿಗೆ "ಹೆವಿ ಡ್ಯೂಟಿ ಡಿಫ್ ಕವರ್" ಅಂತ ಆನ್‌ಲೈನಲ್ಲಿ ಆರ್ಡರ್ ಮಾಡ್ಬೇಡಿ. ನನ್ನ ಗೆಳೆಯನೊಬ್ಬ ಮಾಡಿದ್ದ. ಅದು ಈಗ ಅವರ ಮನೆಯಲ್ಲಿ ಕೋಳಿಗೆ ನೀರಿಡೋ ತಟ್ಟೆ. ಜಿಪ್ಸಿಗೆ ಬೇಕಾದ್ದು ಉಬ್ಬಿನ ಮೇಲೆ ಬೆಸೆಯೋ ರಕ್ಷಣಾ ತಗಡು, ಅದು ಬೇರೆ ಕಥೆ.

ಸರಿ, ನನ್ನ ಕಥೆ. ಜನವರಿಯಲ್ಲಿ ಒಂದು ಎಸ್ಟೇಟಲ್ಲಿ ಗೆಳೆಯರೆಲ್ಲ ಸೇರಿ ಆಫ್‌ರೋಡಿಂಗ್ ಇಟ್ಕೊಂಡಿದ್ವಿ. ಬಂಡೆ ಮೇಲಿಂದ ಇಳಿಯೋವಾಗ ಹಿಂದಿನ ಡಿಫ್ ಧಡ್ ಅಂತ ಕೂತ್ಕೊಳ್ತು. ಇಳಿದು ನೋಡ್ದೆ. ಕವರಿನ ಕೆಳಗಿನ ಅಂಚು ಒಳಗೆ ಮಡಚಿಕೊಂಡಿತ್ತು, ಎರಡು ಬೋಲ್ಟಿನ ತಲೆ ಸವೆದು ಗುಂಡಗಾಗಿತ್ತು. ಒಂದೊಂದೇ ಹನಿ ಎಣ್ಣೆ. "ಅದೇನಾಗಲ್ಲ ಬಿಡೋ" ಅಂದ್ರು ಜೊತೆಗಿದ್ದೋರು. ನಾನೂ ಅದನ್ನೇ ಕೇಳಬೇಕು ಅಂತಿದ್ದೆ.

ನಿಜ ಹೇಳಬೇಕಂದ್ರೆ ಆ ಹೊತ್ತಿಗೆ ನನ್ನ ಅದೃಷ್ಟ ಚೆನ್ನಾಗಿತ್ತು. ತೆಳು ತಗಡಿನ ಕವರ್ ಇನ್ನೊಂದಿಷ್ಟು ಒಳಗೆ ಬಗ್ಗಿದ್ರೆ ತಿರುಗ್ತಿರೋ ಕ್ರೌನಿಗೆ ತಾಗ್ತಿತ್ತು. ಕ್ರೌನ್ ತಗಡನ್ನ ಕೊರೀತಾ ಹೋಗುತ್ತೆ, ಆ ಕಬ್ಬಿಣದ ಪುಡಿ ಎಣ್ಣೆಯಲ್ಲಿ ಸುತ್ತಿ ಬೇರಿಂಗಿಗೆ ಹೋಗುತ್ತೆ. ಅಲ್ಲಿಂದ ಮುಂದೆ ಕವರಿನ ಖರ್ಚಲ್ಲ, ಇಡೀ ಡಿಫರೆನ್ಷಿಯಲ್ಲಿನ ಖರ್ಚು.

ಹಾಗಾದ್ರೆ ಎಲ್ಲರೂ ಗಟ್ಟಿ ಕವರ್ ಹಾಕಿಸ್ಬೇಕಾ? ನನ್ನ ಅಭಿಪ್ರಾಯ, ಬೇಡ. ಕೆಸರು, ಮಣ್ಣು ದಾರಿ, ಮರಳು, ವಾರಕ್ಕೊಮ್ಮೆ ಹಳ್ಳ ಇಷ್ಟೇ ಆದ್ರೆ ಕಂಪನಿ ಕವರ್ ಸಾಕು. ಬಂಡೆ ಹತ್ತೋ ಅಭ್ಯಾಸ ಇದ್ರೆ ಬೇಕು. ಇನ್ನೊಂದು ತಪ್ಪು ತಿಳುವಳಿಕೆ, "ಲಿಫ್ಟ್ ಕಿಟ್ ಹಾಕಿದೀನಿ, ಡಿಫ್ ತಾಗಲ್ಲ" ಅಂತ. ನಮ್ಮ ಥರ ಗಟ್ಟಿ ಆಕ್ಸಲ್ ಇರೋ ಗಾಡಿಗೆ ಲಿಫ್ಟ್ ಹಾಕಿದ್ರೆ ಮೇಲೇರೋದು ಬಾಡಿ. ಡಿಫ್ ಎಲ್ಲಿತ್ತೋ ಅಲ್ಲೇ ಇರುತ್ತೆ. ಅದನ್ನ ಎತ್ತರಿಸೋಕೆ ಸುಲಭದ ದಾರಿ ದೊಡ್ಡ ಟೈರ್.

ನಾನು ಮೊದಲು ಮಾಡಿದ್ದು ಕಂಜೂಸು ಕೆಲಸ. ಹಳೆ ಕವರನ್ನ ಸುತ್ತಿಗೆಯಲ್ಲಿ ಬಡಿದು ನೇರ ಮಾಡ್ದೆ, ಹಾರ್ಡ್‌ವೇರ್ ಅಂಗಡಿಯಿಂದ ಸಿಲಿಕೋನ್ ತಂದು ಮೆತ್ತಿ ಹಾಕ್ದೆ. ಅದು ಬಾತ್‌ರೂಮ್ ಸಿಂಕಿಗೆ ಹಾಕೋ ಸಿಲಿಕೋನ್. ಹಚ್ಚುವಾಗ ವಿನೆಗರ್ ವಾಸನೆ ಬಂತು. ಆ ವಾಸನೆಯ ಸಿಲಿಕೋನ್ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತೆ, ಬಿಸಿ ಗೇರ್ ಆಯಿಲ್ ಮುಂದೆ ನಿಲ್ಲೋದೂ ಇಲ್ಲ. ಜೂನ್ ಹೊತ್ತಿಗೆ ಮುಚ್ಚಳದ ಸುತ್ತ ಎಣ್ಣೆ ಜಿನುಗ್ತಿತ್ತು. ನೋಡಿದ್ದೆ. ಮಳೆ ಬಿಡಲಿ ನೋಡೋಣ ಅಂತ ಬಿಟ್ಟಿದ್ದೆ. ಆಮೇಲೆ ಕೆಳಮನೆ ಅಕ್ಕನ ಬಿಂದಿಗೆ.

ಅವತ್ತು ಸಂಜೆ ಅಪ್ಪ ನನ್ನ ಜೊತೆ ಮಾತಾಡಲಿಲ್ಲ. ನಮ್ಮ ಬಾವಿಯಿಂದ ನಾಲ್ಕು ಕೊಡ ನೀರು ಅವರ ಮನೆಗೆ ಹೊತ್ತು ಹಾಕಿ ಬಂದ್ರು. ನಾನು ಹೋಗ್ತೀನಿ ಅಂದೆ. "ನೀನು ಜೀಪು ನೋಡ್ಕೋ" ಅಂದ್ರು.

ಆಗ ಹೊಸ ಕವರ್ ಹುಡುಕೋಕೆ ಕೂತೆ. ಮಾರ್ಕೆಟ್ಟಲ್ಲಿ ಸಿಗೋದು ಮುಖ್ಯವಾಗಿ ಮೂರು ಥರ. ಒಂದು ಎರಕದ ಅಲ್ಯೂಮಿನಿಯಂ, ಹಿಂದೆ ಏಣು ಏಣು ಇರುತ್ತೆ, ನೋಡೋಕೆ ಬಲು ಚಂದ. ಇನ್ನೊಂದು ದಪ್ಪ ಉಕ್ಕಿನ ತಗಡು ಬೆಸೆದು ಮಾಡಿದ್ದು. ಮೂರನೇದು ನಾಡ್ಯುಲರ್ ಐರನ್, ಅಂದ್ರೆ ಸಾಮಾನ್ಯ ಬೀಡಿನ ಹಾಗೆ ಪಟ್ ಅಂತ ಒಡೆಯದೆ ಸ್ವಲ್ಪ ಬಗ್ಗಿ ತಡ್ಕೊಳ್ಳೋ ಎರಕದ ಕಬ್ಬಿಣ.

ಅಲ್ಯೂಮಿನಿಯಂ ಮಾರೋರು ಹೇಳೋದು ಶಾಖದ ಲೆಕ್ಕ. ಸುಳ್ಳಲ್ಲ, ಕಬ್ಬಿಣಕ್ಕಿಂತ ಅಲ್ಯೂಮಿನಿಯಂ ಶಾಖವನ್ನ ಚೆನ್ನಾಗಿ ಸಾಗಿಸುತ್ತೆ. ಹೆದ್ದಾರಿಯಲ್ಲಿ ಭಾರ ಎಳ್ಕೊಂಡು ಗಂಟೆಗಟ್ಟಲೆ ಓಡೋ ಪಿಕಪ್‌ಗೆ ಅದು ಮುಖ್ಯ ಆಗಬಹುದು. ಬಂಡೆ ಮೇಲೆ ನಡೆದಷ್ಟೇ ವೇಗದಲ್ಲಿ ಹತ್ತೋ ಜೀಪಿಗೆ ಅಲ್ಲ. ಬಂಡೆಗೆ ಬೇಕಾದ್ದು ಏಟು ತಿನ್ನೋ ಶಕ್ತಿ. ಅಲ್ಯೂಮಿನಿಯಂ ಚೂಪು ಕಲ್ಲಿನ ಏಟಿಗೆ ಬಿರುಕು ಬಿಡಬಹುದು, ಬಿರುಕು ಬಿಟ್ಟರೆ ಕಾಡಲ್ಲಿ ಬೆಸೆಯೋಕಾಗಲ್ಲ. ಉಕ್ಕು ಬಗ್ಗುತ್ತೆ, ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಸರಿ ಮಾಡಿಸ್ಬಹುದು.

ಆಮೇಲೆ ಒಳಗಿನ ಆಕಾರ. ಇದನ್ನ ಯಾರೂ ಕೇಳಲ್ಲ. ಕ್ರೌನ್ ತಿರುಗುವಾಗ ಎಣ್ಣೆಯನ್ನ ಎತ್ತಿ ಹಿಂದಕ್ಕೆ ಎಸೆಯುತ್ತೆ, ಕವರಿನ ಒಳಗಿನ ಉಬ್ಬು ಅದನ್ನ ಸುತ್ತಿಸಿ ಮತ್ತೆ ಮುಂದಕ್ಕೆ, ಪಿನಿಯನ್ ಬೇರಿಂಗ್ ಕಡೆಗೆ ಕಳಿಸುತ್ತೆ. ಹಿಂಭಾಗ ಹಲಗೆ ಥರ ಚಪ್ಪಟೆ ಇದ್ರೆ ಎಣ್ಣೆ ಅಲ್ಲೇ ಹೊಡೆದು ಚೆಲ್ಲಾಪಿಲ್ಲಿ ಆಗಿ ನೊರೆ ಏಳುತ್ತೆ. ಅಮೆರಿಕದ ಹಳೆ ಎಂಜಿನ್ ತಜ್ಞ ಗೇಲ್ ಬ್ಯಾಂಕ್ಸ್ ಪಾರದರ್ಶಕ ಕವರ್ ಹಾಕಿ ಇದನ್ನೇ ವಿಡಿಯೊದಲ್ಲಿ ತೋರಿಸಿದ್ದಾರೆ, ಸಿಕ್ರೆ ನೋಡಿ. ಅವರ ಕಂಪನಿಯೂ ಕವರ್ ಮಾರುತ್ತೆ ಅನ್ನೋದನ್ನ ನೆನಪಿಟ್ಕೊಂಡೇ ನೋಡಿ. ಆದ್ರೂ ಎಣ್ಣೆ ಓಡೋದು ಕಣ್ಣಿಗೆ ಕಾಣುತ್ತಲ್ಲ.

ನಾನು ಉಕ್ಕಿನದ್ದು ಆರಿಸಿಕೊಂಡೆ. ಹಾಸನದ ಒಂದು ಲೇತ್ ಅಂಗಡಿಯಲ್ಲಿ ಮಾಡಿಸಿದ್ದು. ಒಳಗೆ ದುಂಡು, ಹೊರಗೆ ಸುತ್ತ ದಪ್ಪ ಉಂಗುರ, ಉಂಗುರದಲ್ಲಿ ಬೋಲ್ಟಿನ ತಲೆ ಒಳಗೆ ಹುದುಗೋ ಹಾಗೆ ಗುಂಡಿ. ಈ ಗುಂಡಿ ಮುಖ್ಯ. ಬಂಡೆ ಮೊದಲು ತಿನ್ನೋದು ಬೋಲ್ಟಿನ ತಲೇನ. ತಲೆ ಸವೆದರೆ ಸ್ಪ್ಯಾನರ್ ಕೂರಲ್ಲ. ಅಲೆನ್ ಬೋಲ್ಟ್ ಹಾಕಿದ್ರೆ ಅದರ ತೂತಲ್ಲಿ ಕೆಸರು ಒಣಗಿ ಕಲ್ಲಾಗುತ್ತೆ, ನಾನು ಗ್ರೀಸ್ ತುಂಬಿ ಬಿಡ್ತೀನಿ.

ಅಂಗಡಿಯವರು ಮೊದಲು ಕೊಟ್ಟಾಗ ಕವರನ್ನ ಗಾಜಿನ ಮೇಲೆ ಇಟ್ಟು ನೋಡಿದ್ವಿ. ಕುರ್ಚಿ ಕಾಲು ಕುಂಟಿದ ಹಾಗೆ ಟಕ ಟಕ ಅಂತ ಆಡ್ತಿತ್ತು. ಬೆಸುಗೆಯ ಬಿಸಿಗೆ ಉಂಗುರ ಸೊಟ್ಟಗಾಗೋದು ಸಹಜ. ಹಾಗಾಗಿ ಬೆಸೆದ ಮೇಲೆ ಮುಖವನ್ನ ಮೆಷೀನಲ್ಲಿ ಸಮ ಮಾಡಿಸ್ಬೇಕು. ಮೊದಲೇ ಮಾಡಿಸಿ ಆಮೇಲೆ ಬೆಸೆದ್ರೆ ಪ್ರಯೋಜನ ಇಲ್ಲ. ನೀವು ರೆಡಿಮೇಡ್ ತಗೊಂಡ್ರೂ ಈ ಗಾಜಿನ ಪರೀಕ್ಷೆ ಮಾಡಿ. ಕಿಟಕಿ ಗಾಜು ಸಾಕು.

ಬೋಲ್ಟ್ ಹತ್ತು ಇದೆ ಅಂದ ಮಾತ್ರಕ್ಕೆ ಕೂರುತ್ತೆ ಅಂದ್ಕೋಬೇಡಿ. ಡಾನಾ 30ಕ್ಕೂ ಹತ್ತು, ಡಾನಾ 44ಕ್ಕೂ ಹತ್ತು, ಡಾನಾ 60ಕ್ಕೂ ಹತ್ತು. ಅಳತೆ ಬೇರೆ ಬೇರೆ. ಹಳೆ ಕವರನ್ನ ರಟ್ಟಿನ ಮೇಲೆ ಇಟ್ಟು ಪೆನ್ಸಿಲಲ್ಲಿ ಗೆರೆ ಎಳೆದು ಆ ರಟ್ಟು ತಗೊಂಡು ಅಂಗಡಿಗೆ ಹೋಗಿ.

ಇನ್ನೆರಡು ನೋಡಬೇಕು. ಗಟ್ಟಿ ಕವರ್ ದಪ್ಪ ಇರುತ್ತೆ, ಒಳಗೆ ಕ್ರೌನಿಗೆ, ಹೊರಗೆ ಪೆಟ್ರೋಲ್ ಟ್ಯಾಂಕಿಗೋ ಸೈಲೆನ್ಸರಿಗೋ ತಾಗಬಾರದು. ಮಕ್ಕಳು ಆಡೋ ಬಣ್ಣದ ಜೇಡಿಮಣ್ಣು ಇರುತ್ತಲ್ಲ, ಅದನ್ನ ಕವರಿನ ಒಳಗೆ ಮೆತ್ತಿ, ಸೀಲ್ ಹಾಕದೆ ನಾಲ್ಕು ಬೋಲ್ಟಲ್ಲಿ ಕೂರಿಸಿ, ಚಕ್ರ ಎತ್ತಿ ಕೈಯಲ್ಲಿ ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಬಿಚ್ಚಿ ನೋಡಿದ್ರೆ ಎಲ್ಲಿ ತಾಗಿದೆ, ಎಷ್ಟು ಜಾಗ ಇದೆ ಅಂತ ಮಣ್ಣೇ ಹೇಳುತ್ತೆ. ಆಮೇಲೆ ಆ ಮಣ್ಣನ್ನ ಪೂರ್ತಿ ತೆಗೀರಿ ದಯವಿಟ್ಟು.

ಎರಡನೇದು ಎಣ್ಣೆ ತುಂಬೋ ತೂತಿನ ಎತ್ತರ. ನಮ್ಮ ಕವರಲ್ಲಿ ಆ ತೂತು ಕವರಲ್ಲೇ ಇದೆ. ತೂತಿನ ಮಟ್ಟಕ್ಕೆ ತುಂಬಿ ಅನ್ನೋದು ರೂಢಿ. ಹೊಸ ಕವರಲ್ಲಿ ತೂತು ಹಳೇದಕ್ಕಿಂತ ಮೇಲಿದ್ರೆ ನೀವು ತುಂಬೋದು ಅಳತೆ ಮೀರುತ್ತೆ. ಜಾಸ್ತಿ ಎಣ್ಣೆ ಅಂದ್ರೆ ಜಾಸ್ತಿ ರಕ್ಷಣೆ ಅಲ್ಲ. ನೊರೆ ಬಂದು, ಬಿಸಿಯಾಗಿ, ಆಕ್ಸಲ್ ಕೊಳವೆಯಲ್ಲಿ ಹರಿದು ಚಕ್ರದ ಕಡೆ ಹೋಗುತ್ತೆ. ಹಳೆ ತೂತು ಕೆಳಗಿನ ಬೋಲ್ಟಿನಿಂದ ಎಷ್ಟು ಎತ್ತರ ಇತ್ತೋ ಅಳೆದು ಹೊಸದರಲ್ಲೂ ಅಷ್ಟೇ ಇಡಿಸಿದೆ. ಜೊತೆಗೆ ಕೆಳಗಡೆ ಆಯಸ್ಕಾಂತ ಇರೋ ಡ್ರೈನ್ ಪ್ಲಗ್. ಹಳೇದರಲ್ಲಿ ಡ್ರೈನ್ ಇರಲೇ ಇಲ್ಲ, ಎಣ್ಣೆ ತೆಗೆಯೋಕೆ ಕವರೇ ಬಿಚ್ಚಬೇಕಿತ್ತು. ನನ್ನ ಕೇಳಿದ್ರೆ ಗಟ್ಟಿತನಕ್ಕಿಂತ ಆ ಪ್ಲಗ್ಗೇ ದೊಡ್ಡ ಲಾಭ.

ಈಗ ಸೀಲಿಂಗ್.

ಮೊದಲ ಸಲ ಹೊಸ ಕವರನ್ನ ಆಗಸ್ಟಲ್ಲಿ ಹಾಕಿದೆ. ಈ ಸಲ ಸರಿಯಾದ ಆರ್‌ಟಿವಿ ತಂದಿದ್ದೆ. ಟ್ಯೂಬಲ್ಲಿ ಬರೋ ಸಿಲಿಕೋನ್, ಗೇರ್ ಆಯಿಲ್ ತಡೆಯುತ್ತೆ ಅಂತ ಅದರ ಮೇಲೇ ಬರೆದಿರುತ್ತೆ, ಅದನ್ನ ಓದಿ ತಗೊಳ್ಳಿ. ಹಚ್ಚಿ, ಬಿಗಿದು, ಒಂದು ಗಂಟೆಗೆ ಎಣ್ಣೆ ತುಂಬಿ ಹೊರಟೆ. ಮಾರನೇ ದಿನವೇ ಜಿನುಗ್ತು. ತಪ್ಪು ನಂದು. ಮೇಲೆ ಸಿಪ್ಪೆ ಕಟ್ಟೋದು ಹತ್ತು ಹದಿನೈದು ನಿಮಿಷ, ಒಳಗಿನವರೆಗೆ ಗಟ್ಟಿಯಾಗೋಕೆ ಒಂದಿಡೀ ದಿನ. ಮಜಾ ಏನಂದ್ರೆ, ಮಳೆಗಾಲದಲ್ಲಿ ಆರಲ್ಲ ಅಂತ ಎಲ್ಲರೂ ಅಂತಾರೆ. ಉಲ್ಟಾ. ಆರ್‌ಟಿವಿ ಗಟ್ಟಿಯಾಗೋದೇ ಗಾಳಿಯ ತೇವ ಹೀರಿಕೊಂಡು. ಚಳಿ ಜಾಸ್ತಿ ಇದ್ರೆ ನಿಧಾನ ಆಗುತ್ತೆ. ಆದ್ರೆ ಹಚ್ಚೋ ಜಾಗ ಮಾತ್ರ ಒಣಗಿರಬೇಕು, ಎಣ್ಣೆ ಇಲ್ಲದೆ ಇರಬೇಕು.

ಎರಡನೇ ಸಲ, ಕಮ್ಮಿ ಆಗೋದು ಬೇಡ ಅಂತ ಟೂತ್‌ಪೇಸ್ಟ್ ಥರ ದಪ್ಪಕ್ಕೆ ಹಾಕಿದೆ. ಸೋರೋದು ಕಮ್ಮಿ ಆಯ್ತು. ಆದ್ರೆ ಇದನ್ನ ನೋಡಿದ ನಮ್ಮೂರ ಮೇಸ್ತ್ರಿ "ಹೊರಗೆ ಇಷ್ಟು ಬಂದಿದೆ, ಒಳಗೆ ಎಷ್ಟು ಹೋಗಿರಬೇಕು ಹೇಳು ತಮ್ಮಾ" ಅಂದ್ರು. ಬಿಚ್ಚಿಸಿ ನೋಡಿದ್ರೆ ಒಳ ಅಂಚಲ್ಲಿ ಎರೆಹುಳದ ಥರ ನೇತಾಡ್ತಿತ್ತು. ಅದು ಕಿತ್ತು ಎಣ್ಣೆ ಹೋಗೋ ದಾರಿಗೆ ಅಡ್ಡ ಸಿಕ್ಕಿಕೊಂಡ್ರೆ ಬೇರಿಂಗ್ ಒಣಗುತ್ತೆ.

ಮೂರನೇ ಸಲ ಮೇಸ್ತ್ರಿ ಪಕ್ಕದಲ್ಲಿ ಸ್ಟೂಲ್ ಹಾಕ್ಕೊಂಡು ಕೂತರು, ಕೆಲಸ ನನ್ನ ಕೈಯಲ್ಲೇ ಮಾಡಿಸಿದ್ರು. ಅವರು ಮಾಡಿಸಿದ ಕ್ರಮ ಹೇಳ್ತೀನಿ.

ಮೊಟ್ಟಮೊದಲು ತುಂಬೋ ತೂತಿನ ಪ್ಲಗ್ ಬಿಚ್ಚು ಅಂದ್ರು. ಎಣ್ಣೆ ಎಲ್ಲ ತೆಗೆದ ಮೇಲೆ ಆ ಪ್ಲಗ್ ಬಿಚ್ಚೋಕೆ ಬರಲ್ಲ ಅಂತ ಗೊತ್ತಾದ್ರೆ ಗಾಡಿ ಅಲ್ಲೇ ನಿಂತ್ಕೊಳ್ಳುತ್ತೆ. ಆಮೇಲೆ ಎಣ್ಣೆ ಇಳಿಸಿ, ಬೋಲ್ಟ್ ಎಲ್ಲ ಸಡಿಲ ಮಾಡಿ, ಮೇಲಿನ ಎರಡನ್ನ ಪೂರ್ತಿ ತೆಗೀದೆ ಎರಡು ಸುತ್ತು ಹಿಡಿಸಿಯೇ ಬಿಡೋದು. ಇಲ್ಲಾಂದ್ರೆ ಕವರ್ ಕಾಲ ಮೇಲೆ. ಈ ಉಕ್ಕಿನದ್ದು ಭಾರ ಸ್ವಾಮಿ.

ಹಳೆ ಸಿಲಿಕೋನ್ ಕೆರೆಯೋಕೆ ಪ್ಲಾಸ್ಟಿಕ್ ಪಟ್ಟಿ. ನಾನು ಗ್ರೈಂಡರಿಗೆ ಉಜ್ಜೋ ಚಕ್ರ ಹಾಕಿದ್ದೆ, ಮೇಸ್ತ್ರಿ ವೈರ್ ಕಿತ್ತರು. ಆ ಚಕ್ರದ ಪುಡಿ ಬೇರಿಂಗಿಗೆ ಬಿದ್ರೆ ಮರಳು ಹಾಕಿದ ಹಾಗೆ. ಒಳಗೆ ಹಳೆ ಬಟ್ಟೆ ತುರುಕಿ ಮುಚ್ಚಿ, ಕೈಯಲ್ಲೇ ಕೆರೆದು, ಎರಡೂ ಮುಖವನ್ನ ಬ್ರೇಕ್ ಕ್ಲೀನರಲ್ಲಿ ಒರೆಸಿ, ಮತ್ತೆ ಒರೆಸಿ. ಬೋಲ್ಟ್ ತೂತಿನೊಳಗೂ ಎಣ್ಣೆ ನಿಂತಿರುತ್ತೆ, ಬೋಲ್ಟ್ ಹಾಕಿದಾಗ ಅದು ಹೊರಬಂದು ನೀವು ಒರೆಸಿದ ಮುಖಕ್ಕೇ ಹತ್ತುತ್ತೆ. ಅದನ್ನೂ ಬಟ್ಟೆ ಸುರುಳಿ ಹಾಕಿ ಒಣಗಿಸಬೇಕು. ಒರೆಸಿದ ಮೇಲೆ ಬೆರಳು ತಾಗಿಸ್ಬಾರದು. ನಾನು ತಾಗಿಸಿದೆ, ಮತ್ತೆ ಒರೆಸಿದೆ.

ಆರ್‌ಟಿವಿ ಗೆರೆ ಮೂರರಿಂದ ನಾಲ್ಕು ಮಿಲಿಮೀಟರ್ ದಪ್ಪ, ಎಲ್ಲೂ ತುಂಡಾಗದೆ ಒಂದೇ ಎಳೆ. ಬೋಲ್ಟ್ ತೂತಿನ ಒಳಬದಿಯಿಂದ ಹೋಗಬೇಕು, ಹೊರಬದಿಯಿಂದ ಅಲ್ಲ. ಹೊರಗಿಂದ ಹೋದ್ರೆ ಎಣ್ಣೆ ಬೋಲ್ಟಿನ ಎಳೆ ಹಿಡ್ಕೊಂಡು ಆಚೆ ಬರುತ್ತೆ. ಹಚ್ಚಿದ ಕೂಡಲೇ ಕವರ್ ನೆಟ್ಟಗೆ ಕೂರಿಸಬೇಕು, ಜಾರಿಸಬಾರದು. ಬೋಲ್ಟುಗಳನ್ನ ಎದುರುಬದುರು ಲೆಕ್ಕದಲ್ಲಿ, ಮೊದಲು ಕೈ ಬಿಗಿ, ಆಮೇಲೆ ಟಾರ್ಕ್ ರೆಂಚ್. ನಮ್ಮ 5/16 ಇಂಚಿನ ಬೋಲ್ಟಿಗೆ 25 ಅಡಿ-ಪೌಂಡ್, ಅಂದ್ರೆ ಸುಮಾರು 34 ನ್ಯೂಟನ್ ಮೀಟರ್ ಇಟ್ವಿ. ನಿಮ್ಮ ಗಾಡಿಗೆ ಎಷ್ಟು ಅಂತ ಮ್ಯಾನುವಲ್ ನೋಡಿ. ಜಾಸ್ತಿ ಬಿಗಿದರೆ ಹೌಸಿಂಗಿನ ಎಳೆ ಹೋಗುತ್ತೆ, ತೆಳು ಕವರ್ ಆದ್ರೆ ಬೋಲ್ಟ್ ಸುತ್ತ ಗುಳಿ ಬಿದ್ದು ನಡುವೆ ಬಾಯಿ ಬಿಡುತ್ತೆ. ಆಮೇಲೆ ಒಂದು ರಾತ್ರಿ, ಒಂದು ಹಗಲು ಹಾಗೇ ಬಿಟ್ವಿ.

ಕಾಗದದ ಗ್ಯಾಸ್ಕೆಟ್ ಹಾಕಬಾರದಾ ಅಂತ ಕೇಳ್ತೀರಿ. ಹಾಕಬಹುದು, ಮುಖ ಎರಡೂ ಸಮ ಇದ್ರೆ. ಗ್ಯಾಸ್ಕೆಟ್ಟಿನ ಮೇಲೆ ದಪ್ಪಕ್ಕೆ ಆರ್‌ಟಿವಿ ಬಳಿಯೋ ಚಟ ಮಾತ್ರ ಬೇಡ. ಬಿಗಿದಾಗ ಜಾರಿ ಗ್ಯಾಸ್ಕೆಟ್ ಹೊರಗೆ ಬರುತ್ತೆ. ಉಕ್ಕಿನ ಹಾಳೆಗೆ ರಬ್ಬರ್ ಗೆರೆ ಕೂರಿಸಿದ ಗ್ಯಾಸ್ಕೆಟ್ಟೂ ಸಿಗುತ್ತೆ, ಅದನ್ನ ಬಿಚ್ಚಿ ಮತ್ತೆ ಹಾಕಬಹುದು. ನೀರಲ್ಲಿ ಜಾಸ್ತಿ ಓಡಾಡಿ ಪದೇ ಪದೇ ಕವರ್ ಬಿಚ್ಚೋರಿಗೆ ಅದು ಒಳ್ಳೇದು.

ಆಯ್ತು, ಕವರ್ ಒಣಗಿತ್ತು. ಸೆಪ್ಟೆಂಬರ್, ಅಕ್ಟೋಬರ್, ಒಂದು ಹನಿ ಇಲ್ಲ. ದಿನಾ ಬೆಳಿಗ್ಗೆ ಬಗ್ಗಿ ಬೆರಳಾಡಿಸಿ ನೋಡ್ತಿದ್ದೆ. ಗೆದ್ದೆ ಅಂದ್ಕೊಂಡೆ.

ನವೆಂಬರ್ ಕೊನೆ. ಅರೇಬಿಕಾ ಹಣ್ಣು ಕುಯ್ಯೋ ಸಮಯ. ಅಪ್ಪ ಜೀಪು ಓಡಿಸ್ತಿದ್ರು, ಹಿಂದೆ ಏಳು ಜನ ಕೆಲಸದ ಹೆಂಗಸರು. ಹಳ್ಳ ದಾಟಿದ ಮೇಲೆ ಮೇಲಿನ ತೋಟಕ್ಕೆ ಒಂದು ಏರು, ಆಮೇಲೆ ಇಳಿಜಾರು. ಇಳಿಜಾರಲ್ಲಿ ಬ್ರೇಕ್ ಒತ್ತಿದ್ರೆ ಜೀಪು ಎಡಕ್ಕೆ ಎಳೀತು, ನಿಲ್ಲಲಿಲ್ಲ. ಅಪ್ಪ ಮೊದಲನೇ ಗೇರಿಗೆ ಹಾಕಿ, ಬಲಗಡೆ ಮಣ್ಣಿನ ದಿಬ್ಬಕ್ಕೆ ಒರಗಿಸಿ ನಿಲ್ಲಿಸಿದ್ರು. ಎಡಗಡೆ ಏನಿದೆ ಅಂತ ಆ ದಾರಿ ಗೊತ್ತಿರೋರಿಗೆ ಗೊತ್ತು. ಯಾರಿಗೂ ಏನೂ ಆಗಲಿಲ್ಲ. ಹೆಂಗಸರು ಇಳಿದು ನಡ್ಕೊಂಡೇ ತೋಟಕ್ಕೆ ಹೋದ್ರು. ಅದರಲ್ಲೊಬ್ಬರು ಕೆಳಮನೆ ಅಕ್ಕ.

ಬಲ ಹಿಂದಿನ ಚಕ್ರದ ಡ್ರಮ್ ಬಿಚ್ಚಿದ್ರೆ ಒಳಗೆಲ್ಲ ಗೇರ್ ಆಯಿಲ್. ಬ್ರೇಕ್ ಲೈನಿಂಗ್ ಎಣ್ಣೆಯಲ್ಲಿ ನೆಂದು ಹೋಗಿತ್ತು. ಆಕ್ಸಲ್ ಸೀಲ್ ದಾಟಿ ಬಂದಿದೆ. ಡ್ರೈನ್ ಪ್ಲಗ್ ಬಿಚ್ಚಿದ್ರೆ ಬಂದಿದ್ದು ಎಣ್ಣೆಯಲ್ಲ, ಕಾಫಿ. ಹಾಲು ಹಾಕಿದ ಕಾಫಿ ಬಣ್ಣ. ನೀರು ಸೇರಿದೆ.

ಮೇಸ್ತ್ರಿ ಕವರ್ ಕಡೆ ನೋಡಲೇ ಇಲ್ಲ. ಆಕ್ಸಲ್ ಕೊಳವೆಯ ಮೇಲ್ಭಾಗದಲ್ಲಿ ಕೆಸರು ಒರೆಸಿ, ಕಿರುಬೆರಳಷ್ಟು ಒಂದು ಟೋಪಿ ಹುಡುಕಿದ್ರು. ಬ್ರೀದರ್. ಗಾಳಿ ಓಡಾಡೋ ತೂತು. ಉಗುರಲ್ಲಿ ಕೆರೆದು ಕೈಗೆ ಕೊಟ್ರು. ಒಣ ಮಣ್ಣಿನ ಉಂಡೆ. ಕುಂಬಾರ ಹುಳದ ಗೂಡು! ಅದರ ಮೇಲೆ ವರ್ಷಗಳ ಕೆಸರು.

ಈಗ ಯೋಚನೆ ಮಾಡಿ. ಜೀಪು ಓಡಿ ಡಿಫ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತೆ. ಹೋಗೋಕೆ ದಾರಿ ಇಲ್ಲ. ಎಲ್ಲಿ ದುರ್ಬಲವೋ ಅಲ್ಲಿ ಎಣ್ಣೆಯನ್ನ ತಳ್ಳುತ್ತೆ. ಮೊದಲು ದುರ್ಬಲ ಇದ್ದದ್ದು ನನ್ನ ಕವರಿನ ಸೀಲ್. ಅದನ್ನ ನಾನು ಗಟ್ಟಿ ಮಾಡ್ತಾ ಹೋದೆ. ಪೂರ್ತಿ ಗಟ್ಟಿ ಆದ ದಿನ ಎಣ್ಣೆ ಮುಂದಿನ ದುರ್ಬಲ ಜಾಗ ಹುಡುಕ್ಕೊಂಡಿತು, ಚಕ್ರದ ಸೀಲ್. ಅಲ್ಲಿಂದ ಬ್ರೇಕಿಗೆ. ಇನ್ನೊಂದು ಕಡೆ, ಬಿಸಿ ಡಿಫ್ ಹಳ್ಳದ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತೆ, ಅದೇ ಸೀಲ್ ಮೂಲಕ ನೀರನ್ನ ಒಳಗೆ ಎಳೆಯುತ್ತೆ. ದಿನಕ್ಕೆರಡು ಸಲ. ಅಂದ್ರೆ ನನ್ನ ಜೀಪು ಹಳ್ಳದಿಂದ ನೀರು ಕುಡಿದು ಹಳ್ಳಕ್ಕೆ ಎಣ್ಣೆ ಉಗುಳ್ತಿತ್ತು.

ಬ್ರೀದರ್ ಕ್ಲೀನ್ ಮಾಡೋಕೆ ಹಿಡಿದದ್ದು ಐದು ನಿಮಿಷ. ಈಗ ಆ ತೂತಿಗೆ ನಿಪ್ಪಲ್ ಹಾಕಿ, ಎಣ್ಣೆ ತಡೆಯೋ ರಬ್ಬರ್ ಪೈಪನ್ನ ಟಬ್ಬಿನ ಒಳಗೆ, ಸೀಟಿನ ಹಿಂದೆ ಎತ್ತರಕ್ಕೆ ತಗೊಂಡು ಹೋಗಿದ್ದೀನಿ. ತುದಿಗೆ ಸಣ್ಣ ಪೆಟ್ರೋಲ್ ಫಿಲ್ಟರ್, ಹುಳ ಹೋಗದ ಹಾಗೆ. ಆಕ್ಸಲ್ ಮೇಲೆ ಕೆಳಗೆ ಆಡುತ್ತಲ್ಲ, ಅದಕ್ಕೆ ಪೈಪಲ್ಲಿ ಸ್ವಲ್ಪ ಸಡಿಲ ಬಿಟ್ಟಿದ್ದೀನಿ. ಎರಡೂ ಚಕ್ರದ ಸೀಲ್, ಲೈನಿಂಗ್ ಹೊಸದು. ಎಣ್ಣೆ ಎರಡು ಸಲ ತುಂಬಿ ಎರಡು ಸಲ ತೆಗೆದೆ, ನೀರಿನ ಅಂಶ ಹೋಗಲಿ ಅಂತ. ತೆಗೆದ ಎಣ್ಣೆ ಕ್ಯಾನಲ್ಲಿದೆ. 2016ರ ನಿಯಮದಲ್ಲಿ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯದ ಪಟ್ಟಿಗೆ ಬರುತ್ತೆ, ಬೇಲಿ ಕಂಬಕ್ಕೆ ಬಳಿಯೋಕಲ್ಲ. ಹಾಸನಕ್ಕೆ ಹೋದಾಗ ಎಣ್ಣೆ ವಾಪಸ್ ತಗೊಳ್ಳೋ ವರ್ಕ್‌ಶಾಪಿಗೆ ಕೊಟ್ಟು ಬರ್ತೀನಿ.

ನೀವು ಕೇಳಬಹುದು, ಹಾಗಾದ್ರೆ ಉಕ್ಕಿನ ಕವರ್ ದಂಡವಾಯ್ತಾ ಅಂತ. ಇಲ್ಲ. ಮೊನ್ನೆ ಫೆಬ್ರವರಿಯಲ್ಲಿ ಅದೇ ಬಂಡೆ ಮೇಲೆ ಮತ್ತೆ ಕೂತ್ಕೊಳ್ತು. ಬಣ್ಣ ಹೋಗಿದೆ, ಒಂದು ಗೀರು ಬಿದ್ದಿದೆ, ಅಷ್ಟೇ. ಆದ್ರೆ ಆ ದುಡ್ಡು ಖರ್ಚು ಮಾಡೋ ಮೊದಲು ಬ್ರೀದರ್ ನೋಡಿದ್ದಿದ್ರೆ ಜುಲೈಯಲ್ಲೇ ಅರ್ಧ ಕಥೆ ಮುಗೀತಿತ್ತು.

ಕೆಳಮನೆ ಅಕ್ಕನ ಪೈಪನ್ನ ನಾನು, ಅಪ್ಪ ಸೇರಿ ಜೀಪು ದಾಟೋ ಜಾಗದಿಂದ ಮೇಲಕ್ಕೆ, ಅಬ್ಬಿ ಹತ್ತಿರಕ್ಕೆ ಎಳೆದು ಕೊಟ್ವಿ. ನೂರಿಪ್ಪತ್ತು ಅಡಿ ಪೈಪ್ ಜಾಸ್ತಿ ಬೇಕಾಯ್ತು. ಅಕ್ಕ ಕಾಫಿ ಕೊಟ್ರು. ಕುಡಿಯೋ ಮೊದಲು ನಾನು ವಾಸನೆ ನೋಡಿದ್ದು ಅವರ ಕಣ್ಣಿಗೆ ಬಿತ್ತು. "ಈಗ ಸರಿ ಇದೆ, ಕುಡಿ" ಅಂದ್ರು.

ನಿಮ್ಮ ಗಾಡಿಯ ಬ್ರೀದರ್ ಎಲ್ಲಿದೆ ಅಂತ ಗೊತ್ತಿಲ್ಲದೋರು ಫೋಟೊ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹುಡುಕೋಣ. ಮುಂದಿನ ವಾರ ಮುಂದಿನ ಆಕ್ಸಲ್, ಅದರ ನಕಲ್ ಸೀಲ್. ಅದೂ ಸೋರ್ತಾ ಇದೆ.